ಕಳ್ಳರ ಅಲಾರಂ: ಕಟ್ಟುವ ಕೈಗೆ ಎಚ್ಚರ



ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೋ, ಪಾವಗಡದ ಶನೈಶ್ಚರನ ದರ್ಶನಕ್ಕೋ, ಕೊರಟಗೆರೆ ಬಳಿಯ ಗೊರವನಹಳ್ಳಿಗೋ ಮನೆಮಂದಿಯೆಲ್ಲ ಹೊರಟರೆ ಬಾಗಿಲಿಗೆ ಬೀಗ ಬೀಳುತ್ತದೆ. ಬಸ್ಸು ಊರು ದಾಟುವ ಮೊದಲೇ ಹಿತ್ತಲ ಬಾಗಿಲಿನ ಚಿಂತೆ ತಾಯಿಯನ್ನು ಕಾಡತೊಡಗುತ್ತದೆ. ಭೌತಶಾಸ್ತ್ರ ಓದುವ ನಿಮಗೆ ಆಗ ಒಂದು ಅಲಾರಂ ಕಟ್ಟೋಣ ಎನ್ನಿಸುವುದು ಸಹಜ. ಖಂಡಿತ ಕಟ್ಟಿ. ಆದರೆ ಎಲ್ಲಿಯವರೆಗೆ ನಿಮ್ಮ ಕೈ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ತಿಳಿಯೋಣ.

1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಅಗಸ್ಟಸ್ ರಸೆಲ್ ಪೋಪ್ ಎಂಬವರು ವಿದ್ಯುತ್ ಅಲಾರಂಗೆ ಪೇಟೆಂಟ್ ಪಡೆದರು. ಬಾಗಿಲು ತೆರೆದರೆ ಮಂಡಲ ಪೂರ್ಣಗೊಂಡು ಗಂಟೆ ಬಾರಿಸುವ ಏರ್ಪಾಡು ಅದು. ಇಂಥ ಮಂಡಲದಲ್ಲಿ ಒಂದು ಕೊರತೆಯುಂಟು. ಕಳ್ಳ ತಂತಿಯನ್ನೇ ಕತ್ತರಿಸಿದರೆ ಗಂಟೆ ಮೂಕವಾಗುತ್ತದೆ. ಆದ್ದರಿಂದ ಈಗ ಮಂಡಲವನ್ನು ಸದಾ ಪೂರ್ಣವಾಗಿಟ್ಟು, ಅದು ಕಡಿದಾಗ ಕೂಗುವಂತೆ ಮಾಡುತ್ತಾರೆ. ಬಾಗಿಲಿನ ಚೌಕಟ್ಟಿಗೆ ರೀಡ್ ಸ್ವಿಚ್, ಕದಕ್ಕೆ ಅಯಸ್ಕಾಂತ. ಪುಟ್ಟ ಗಾಜಿನ ನಳಿಗೆಯೊಳಗೆ ಎರಡು ಲೋಹದ ಪಟ್ಟಿಗಳು. ಅಯಸ್ಕಾಂತ ಹತ್ತಿರವಿದ್ದಷ್ಟು ಹೊತ್ತು ಅಂಟಿಕೊಂಡಿರುತ್ತವೆ. ಕದ ಸರಿದರೂ, ತಂತಿ ಕಡಿದರೂ ಫಲ ಒಂದೇ.

ಈ ತಂತಿಯಲ್ಲಿ ಹರಿಯುವುದು ಬರೀ 12 ವೋಲ್ಟಿನ ಅಲ್ಪ ವಿದ್ಯುತ್. ಒಣಗಿದ ಕೈಗೆ ಅದರಿಂದ ಷಾಕ್ ಹೊಡೆಯದು. ಅಪಾಯವಿರುವುದು ಮನೆಯ 230 ವೋಲ್ಟ್ ಇದಕ್ಕೆ ಸೇರಿಕೊಂಡಾಗ. ಪೈಪು ಉಳಿಸಲೆಂದು ಅಲಾರಂ ತಂತಿಯನ್ನು ದೀಪದ ತಂತಿಯ ಪೈಪಿನಲ್ಲೇ ತೂರಿಸುವವರಿದ್ದಾರೆ. ಒಂದು ಇಲಿ ಹೊದಿಕೆ ಕಡಿದರೆ ಸಾಕು, ಕಿಟಕಿಯ ಸರಳಿನ ಪಕ್ಕದ ಆ ಸಣ್ಣ ತಂತಿಗೆ ಮನೆಯ ಕರೆಂಟೇ ಬಂದುಬಿಡುತ್ತದೆ. ಮರುದಿನ ಕಿಟಕಿ ಒರೆಸುವವರು ಯಾರು? ನಿಮ್ಮ ತಾಯಿಯೋ, ತಂಗಿಯೋ. ಆದ್ದರಿಂದ ಅಲಾರಂ ತಂತಿಗೆ ಬೇರೆಯೇ ಪೈಪು, ಬೇರೆಯೇ ದಾರಿ ಇರಲಿ. ಗೋಡೆ ಕೊರೆಯುವಾಗ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲಾಗಲಿ ಕೆಳಗಾಗಲಿ ಅಕ್ಕಪಕ್ಕದಲ್ಲಾಗಲಿ ಕೊರೆಯಬೇಡಿ. ಒಳಪೈಪು ಸಾಮಾನ್ಯವಾಗಿ ಹಾಯುವುದು ಅಲ್ಲೇ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಾಡುಹಂದಿಗೆಂದು ಹೊಲದ ಸುತ್ತ ಕರೆಂಟು ಹಾಯಿಸುವ ಕೆಟ್ಟ ರೂಢಿಯನ್ನು ಕೇಳಿದ್ದೀರಿ. ಅದೇ ಉಪಾಯವನ್ನು ಕಳ್ಳನಿಗೂ ಮಾಡಿ, ಬಾಗಿಲಿನ ಚಿಲಕಕ್ಕೆ ಕರೆಂಟು ಕೊಟ್ಟರಾಯಿತು ಎನ್ನುವವರುಂಟು. ಬಿಹಾರದಲ್ಲಿ ಚೆರುಬಿನ್ ಗ್ರೆಗೊರಿ ಎಂಬಾತ ತನ್ನ ಶೌಚಾಲಯಕ್ಕೆ ನೆರೆಯವರು ಬಾರದಿರಲೆಂದು ದಾರಿಯಲ್ಲಿ ಬರಿ ತಂತಿ ಕಟ್ಟಿ ಕರೆಂಟು ಹಾಯಿಸಿದ್ದ. ನೆರೆಮನೆಯ ಹೆಂಗಸು ಅದನ್ನು ಮುಟ್ಟಿ ಸತ್ತಳು. ಅನುಮತಿಯಿಲ್ಲದೆ ಬಂದವಳು ಎಂಬ ವಾದವನ್ನು ಸುಪ್ರೀಂ ಕೋರ್ಟು 1963ರಲ್ಲಿ ಒಪ್ಪಲಿಲ್ಲ. ಆತನ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲಾರಂ ಇರುವುದು ಕೂಗಲಿಕ್ಕೆ, ಕೊಲ್ಲಲಿಕ್ಕಲ್ಲ.

ಅಲಾರಂ ಪೆಟ್ಟಿಗೆಗೆ ಮನೆಯ ಕರೆಂಟು ಜೋಡಿಸುವ ಕೆಲಸ ನಿಮ್ಮದಲ್ಲ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರದು. ಅವರ ಪಕ್ಕ ನಿಂತು ನೋಡಿ, ಕಲಿಯಲು ಬಹಳವಿದೆ. ಬಲ್ಲವರು ಮೈನ್ ಸ್ವಿಚ್ ಆರಿಸಿ, ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳುತ್ತಾರೆ, ಬೇರೆ ಯಾರೂ ಹಾಕದಿರಲೆಂದು. ಪರೀಕ್ಷೆಯ ದೀಪವನ್ನು ಮೊದಲು ಕರೆಂಟಿರುವುದು ಖಚಿತವಾದ ಕಡೆ ಹಿಡಿಯುತ್ತಾರೆ, ಆಮೇಲೆ ಕೆಲಸದ ತಂತಿಗೆ, ಮತ್ತೆ ಮೊದಲಿನ ಕಡೆಗೆ. ನಡುವೆ ದೀಪವೇ ಕೆಟ್ಟಿದ್ದರೆ ಗೊತ್ತಾಗಬೇಕಲ್ಲ!

ನಮ್ಮ ಕಡೆ ಇನ್ನೊಂದು ಮೋಸವುಂಟು. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದ್ದರೂ ನಮ್ಮ ಮನೆಗಳಲ್ಲಿ ಕರೆಂಟು ಹೋಗುವುದು ನಿಂತಿಲ್ಲ. "ಹೇಗೂ ಕರೆಂಟಿಲ್ಲ" ಎಂದು ತಂತಿಗೆ ಕೈಹಾಕಬೇಡಿ. ಹೋದದ್ದು ಯಾವ ಕ್ಷಣದಲ್ಲಾದರೂ ಬರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಹೋಗಿಯೇ ಇರುವುದಿಲ್ಲ.

ಕರೆಂಟು ಹೋದಾಗ ಅಲಾರಂ ಮಲಗದಿರಲು ಬ್ಯಾಟರಿ ಬೇಕು. 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಬಳಕೆಯಲ್ಲಿದೆ. ಪೆಟ್ಟಿಗೆ ಸುಮ್ಮನಿದ್ದಾಗ 20 ಮಿಲಿ ಆಂಪಿಯರ್ ಎಳೆಯುತ್ತದೆಂದುಕೊಳ್ಳಿ. 8 ಗಂಟೆ ಕರೆಂಟು ಇಲ್ಲದಿದ್ದರೂ ಖರ್ಚಾಗುವುದು 0.16 ಆಂಪಿಯರ್-ಗಂಟೆ ಮಾತ್ರ. ಸೈರನ್ನು 1 ಆಂಪಿಯರ್‌ನಂತೆ 20 ನಿಮಿಷ ಕೂಗಿದರೆ 0.33. ಲೆಕ್ಕ ಹಾಕಿ ನೋಡಿ, ಬೇಕಾದಷ್ಟು ಉಳಿಯುತ್ತದೆ.

ಆದರೆ 12 ವೋಲ್ಟೆಂದು ಬ್ಯಾಟರಿಯನ್ನು ಹಗುರವಾಗಿ ಕಾಣಬೇಡಿ. ಅದರ ಎರಡು ತುದಿಗಳಿಗೆ ಬಳೆಯೋ ಉಂಗುರವೋ ಸ್ಪ್ಯಾನರೋ ಅಡ್ಡ ಬಿದ್ದರೆ ಹತ್ತಾರು ಆಂಪಿಯರ್ ಹರಿದು ಲೋಹ ಕೆಂಪಗೆ ಕಾಯುತ್ತದೆ. ಉಂಗುರ, ಬಳೆ, ವಾಚು ತೆಗೆದಿಟ್ಟು ಕೂರಿ. ಧನ ತುದಿಯ ಹತ್ತಿರವೇ 2 ಆಂಪಿಯರ್ ಫ್ಯೂಸ್ ಹಾಕಿ. ದೂರದಲ್ಲಿ ಹಾಕಿದರೆ ಅಲ್ಲಿಯವರೆಗಿನ ತಂತಿಗೆ ರಕ್ಷಣೆಯಿರದು. ಬ್ಯಾಟರಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಜೋಡಿಸಿ.

ಮುಗಿದ ಮೇಲೆ ನೆರೆಮನೆಯವರಿಗೆ ತಿಳಿಸಿ, ಹಗಲಿನಲ್ಲೇ ಒಂದೊಂದು ಬಾಗಿಲನ್ನೂ ತೆರೆದು ನೋಡಿ. ಆಮೇಲೆ ಮೈನ್ ಸ್ವಿಚ್ ಆರಿಸಿ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಕೂಗಿದರೆ ತಾಯಿಯನ್ನು ಕರೆದು ತೋರಿಸಿ, ಜಾತ್ರೆಗೆ ಹೊರಡಬಹುದು.