ಸಾಕೆಟ್ಟಿಗೆ ತಕ್ಕ ಬ್ರೇಕರ್



ಮೇವು ಕತ್ತರಿಸುವ ಯಂತ್ರ ಚಾಲೂ ಮಾಡಿದೊಡನೆ ಬ್ರೇಕರ್ ಬೀಳುತ್ತದೆ. ‘ಇದು ಸಣ್ಣದಾಯ್ತು, ದೊಡ್ಡದು ಹಾಕಪ್ಪಾ’ ಅಂತೀವಿ. 16 ಆಂಪಿಯರಿನದನ್ನು ಕಿತ್ತು 32ರದನ್ನು ಕೂರಿಸುತ್ತೇವೆ. ಯಂತ್ರವೇನೋ ಓಡುತ್ತದೆ, ಅಪಾಯವೂ ಅಂದಿನಿಂದಲೇ ಶುರು.

ಹೇಗೆ ಅಂತೀರಾ? ಸಾಕೆಟ್ಟಿನ ಮೇಲೆ 16 ಎಂದಿದ್ದರೆ ಅದು ತಾಳುವುದು ಅಷ್ಟೇ. ಹೊರೆ ಹೆಚ್ಚಿ ಯಂತ್ರ 25 ಆಂಪಿಯರ್ ಎಳೆದರೂ 32ರ ಬ್ರೇಕರ್, ನಿದ್ದೆಹೋದ ಕಾವಲುಗಾರನ ಹಾಗೆ, ಸುಮ್ಮನಿರುತ್ತದೆ. ಇತ್ತ ಸಾಕೆಟ್ಟು ಕಾದು ಕರಗುತ್ತದೆ. ಪಕ್ಕದಲ್ಲೇ ಹುಲ್ಲಿನ ಬಣವೆ, ಕೊಟ್ಟಿಗೆಯಲ್ಲಿ ಕಟ್ಟಿದ ದನ. ಮುಂದಿನದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಇಷ್ಟು ನೆನಪಿಡಿ: ಪ್ಲಗ್ಗು, ಸಾಕೆಟ್ಟು, ತಂತಿ, ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ತಾಳುತ್ತದೋ, ಬ್ರೇಕರಿನ ಅಂಕಿ ಅದನ್ನು ಮೀರಕೂಡದು. 16ರ ಸಾಕೆಟ್ಟಿಗೆ 16ರ ಬ್ರೇಕರೇ ಸರಿ. 32 ಬೇಕೆಂದರೆ ಪ್ಲಗ್ಗು, ಸಾಕೆಟ್ಟು, ತಂತಿ ಎಲ್ಲವೂ 32ಕ್ಕೆ ತಾಳುವಂಥವಾಗಬೇಕು. ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ತಪ್ಪು.

ಹಾಗಾದರೆ ಬೀಳುವ ಬ್ರೇಕರಿಗೆ ಏನು ಮಾಡೋಣ? ಮೋಟಾರು ಹೊರಡುವ ಗಳಿಗೆಯಲ್ಲಿ, ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆಗ ಮಾತ್ರ ಬೀಳುತ್ತಿದ್ದರೆ, ಅಂಕಿ ಹೆಚ್ಚಿಸದೆ ಅದೇ 16ರಲ್ಲಿ ‘ಬಿ’ ಗುರುತಿನ ಬದಲು ‘ಸಿ’ ಗುರುತಿನದನ್ನು ಕೇಳಿ. ಆ ಕ್ಷಣದ ಸೆಳೆತವನ್ನು ಅದು ತಾಳಿಕೊಳ್ಳುತ್ತದೆ. ಓಡುತ್ತಿರುವಾಗಲೂ ಬಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಎಲ್ಲೋ ದೋಷವಿದೆ ಎಂದರ್ಥ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಈ ಹೊತ್ತೇ ಹೋಗಿ ಎರಡೂ ಅಂಕಿಗಳನ್ನು ಓದಿ ನೋಡಿ.