ತೋಳಿನಲ್ಲಿ ಮಗುವನ್ನೆತ್ತಿದ ಸಂತ



ಇಂದು ಮಾರ್ಚ್ 19, ಸಂತ ಜೋಸೆಫರ ಹಬ್ಬ. ಮೇ 1ರಂದು ಅವರನ್ನೇ ಕಾರ್ಮಿಕರ ಪಾಲಕರೆಂದು ಸ್ಮರಿಸುತ್ತೇವೆ. ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1955ರಲ್ಲಿ ಆ ಹಬ್ಬವನ್ನು ಸ್ಥಾಪಿಸಿದರು. ಆ ದಿನದ ಜೋಸೆಫರ ಕೈಯಲ್ಲಿ ಗರಗಸ, ಉಳಿ. ಆದರೆ ನಮ್ಮ ದೇವಾಲಯದ ಪಕ್ಕದ ಪೀಠದಲ್ಲಿರುವ ಜೋಸೆಫರನ್ನು ನೋಡಿ. ಒಂದು ಕೈಯಲ್ಲಿ ಲಿಲ್ಲಿ ಹೂ, ಇನ್ನೊಂದು ತೋಳಿನಲ್ಲಿ ಮಗು.

ಶುಭಸಂದೇಶಗಳಲ್ಲಿ ಅವರಾಡಿದ ಒಂದು ಮಾತೂ ಇಲ್ಲ. ದೂತನು ಕನಸಿನಲ್ಲಿ ಎಚ್ಚರಿಸಿದಾಗ ಅವರು ಆ ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರೆಂದು ಮತ್ತಾಯನು ಬರೆಯುತ್ತಾನೆ. ಒಪ್ಪಿಕೊಂಡಿದ್ದ ಬಡಗಿ ಕೆಲಸ ಏನಾಯಿತೆಂದು ಬರೆಯುವುದಿಲ್ಲ. ಮಗುವಿನ ಪ್ರಾಣ ಮೊದಲು, ಕಸುಬು ಆಮೇಲೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಿ ಕುವೈತಿನಲ್ಲೋ ದುಬೈಯಲ್ಲೋ ನರ್ಸ್. ಮಗುವಿಗೆ ಗಂಜಿ ಉಣಿಸಿ, ಜಡೆ ಹೆಣೆದು, ಶಾಲೆಗೆ ಬಿಟ್ಟು, ರಾತ್ರಿ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುವವರು ತಂದೆ. ಅವರನ್ನು ನಾವು ಏನೆನ್ನುತ್ತೇವೆ? ಹೆಂಡತಿಯ ಸಂಬಳದಲ್ಲಿ ಕೂತು ಉಣ್ಣುವವ. ಪೂಜೆ ಮುಗಿಸಿ ಅಂಗಳದಲ್ಲಿ ಹೀಗೆ ಮಾತಾಡುವ ನಾವೇ ಸಂತ ಜೋಸೆಫರ ಮುಂದೆ ಮೇಣದಬತ್ತಿ ಹಚ್ಚುತ್ತೇವೆ. ಅಂಥ ತಂದೆಯೊಬ್ಬರು ನಮ್ಮಲ್ಲಿ ಹೇಳಿಕೊಂಡರು: "ಫಾದರ್, ಕೆಲಸ ಕಷ್ಟವಲ್ಲ. ಮದುವೆ ಮನೆಯಲ್ಲಿ 'ಈಗ ಏನು ಮಾಡ್ಕೊಂಡಿದ್ದೀರಿ?' ಅಂತ ಕೇಳ್ತಾರಲ್ಲ, ಅದು ಕಷ್ಟ."

ಕಾನೂನೂ ಅಷ್ಟೇ. 2017ರಲ್ಲಿ ದುಡಿಯುವ ತಾಯಿಯ ಹೆರಿಗೆ ರಜೆ 26 ವಾರಗಳಿಗೆ ಏರಿತು, ಒಳ್ಳೆಯದೇ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಇರುವುದು 15 ದಿನ. ಮಗುವನ್ನು ಎತ್ತಿಕೊಳ್ಳಲು ಕಲಿಯುವಷ್ಟರಲ್ಲಿ ರಜೆ ಮುಗಿದಿರುತ್ತದೆ!

ಇದು ಗಂಡಸುತನಕ್ಕೆ ಕುಂದು ಎನ್ನುವವರು ಹೊಶೇಯನ ಗ್ರಂಥದ 11ನೇ ಅಧ್ಯಾಯ ಓದಲಿ. ಅಲ್ಲಿ ದೇವರೇ ಮಗುವಿಗೆ ನಡಿಗೆ ಕಲಿಸುತ್ತಾರೆ, ತೋಳಿನಲ್ಲಿ ಎತ್ತಿಕೊಳ್ಳುತ್ತಾರೆ, ಬಾಗಿ ಉಣಿಸುತ್ತಾರೆ. ಹಾಗೆಂದು ತಂದೆ ಒಂದು ದಿನ ಅನ್ನ ಬೇಯಿಸಿದರೆ ಅವರಿಗೆ ಹಾರ ಹಾಕುವುದೂ ಬೇಡ. ನಮ್ಮ ತಾಯಂದಿರು ಜನ್ಮವಿಡೀ ಬೇಯಿಸಿದ್ದಾರೆ, ಹಾರ ಯಾರೂ ಹಾಕಲಿಲ್ಲ.

ನಮ್ಮದೂ ಒಂದು ತಪ್ಪಿದೆ. ಕಳೆದ ವರ್ಷ ಪ್ರಥಮ ಪರಮಪ್ರಸಾದದ ಮಕ್ಕಳ ಸಭೆಗೆ "ತಾಯಂದಿರು ತಪ್ಪದೆ ಬರಬೇಕು" ಎಂದು ಇದೇ ಪೀಠದಿಂದ ಪ್ರಕಟಿಸಿದೆವು. ಒಬ್ಬ ತಂದೆ ಬಾಗಿಲವರೆಗೆ ಬಂದು, ಒಳಗೆ ಹೆಂಗಸರನ್ನೇ ಕಂಡು, ಮಗಳನ್ನು ಒಳಗೆ ಕಳಿಸಿ ಮಳೆಯಲ್ಲಿ ಹೊರಗೇ ನಿಂತರು. ಈ ಭಾನುವಾರ ಎರಡನೇ ಪೂಜೆಯ ನಂತರ ಅದೇ ಸಭೆ ಇದೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೋ, ಅವರು ಬನ್ನಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇವೆ.