ಆಲಮಟ್ಟಿಯ ಹಿನ್ನೀರು: ನದಿಯ ಆರೋಗ್ಯವನ್ನು ಅಂಚಿನಲ್ಲಿ ನೋಡಬೇಕು
(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಎರೆಭೂಮಿಗೆ ದೊರೆಯುವುದು ಸುಮಾರು 600 ಮಿಲಿಮೀಟರು ಮಾತ್ರ. ಆ ಬೆಟ್ಟವನ್ನೂ ಈ ಬಯಲನ್ನೂ ಬೆಸೆದಿರುವುದು ಕೃಷ್ಣಾ ನದಿ. ಕೊಯ್ನಾ, ಪಂಚಗಂಗಾ, ದೂಧಗಂಗಾ, ಘಟಪ್ರಭಾಗಳನ್ನು ಕೂಡಿಸಿಕೊಂಡು ಬರುವ ಈ ನದಿಯನ್ನು ಆಲಮಟ್ಟಿಯಲ್ಲಿ ತಡೆದು ನಿಲ್ಲಿಸಲಾಗಿದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿ ಇಂದು ನಿಡಗುಂದಿ ತಾಲ್ಲೂಕಿನಲ್ಲಿದೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಈ ಜಲಾಶಯವನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಸಮರ್ಪಿಸಿದರು. 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಈ ನೀರಿಗಾಗಿ ಹಳೆಯ ಬಾಗಲಕೋಟೆಯ ಬಹುಭಾಗವೂ ಅನೇಕ ಹಳ್ಳಿಗಳೂ ಮುಳುಗಿದವು.

ಆಲಮಟ್ಟಿಗೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಶಿಲಾ ಉದ್ಯಾನ, ಮೊಘಲ್ ಉದ್ಯಾನ, ಸಂಗೀತ ಕಾರಂಜಿಗಳನ್ನು ಕಂಡು ಮಕ್ಕಳು ಹರ್ಷಿಸುತ್ತಾರೆ. ಬರದ ನಾಡಿನಲ್ಲಿ ಹಸಿರು ಕಾಣುವುದು ಸಣ್ಣ ಸಂಗತಿಯಲ್ಲ. ಆದರೆ ಉದ್ಯಾನ ಹಸಿರಾಗಿದೆಯೆಂದ ಮಾತ್ರಕ್ಕೆ ನದಿ ಆರೋಗ್ಯವಾಗಿದೆಯೆಂದು ಹೇಳಲಾಗದು. ಅದನ್ನು ತಿಳಿಯಲು ಹಿನ್ನೀರಿನ ಅಂಚಿಗೆ, ಮೊಣಕಾಲು ಮುಳುಗುವಷ್ಟು ನೀರಿರುವಲ್ಲಿಗೆ ಹೋಗಬೇಕು.

ಸೂರ್ಯನ ಬೆಳಕು ತಳವನ್ನು ಮುಟ್ಟುವುದು ಅಲ್ಲಿಯೇ. ಪಾಚಿ, ಜಲಸಸ್ಯ, ಹುಳು, ಸೀಗಡಿ ಬೆಳೆಯುವುದೂ ಮೀನಿನ ಮರಿ ಅಡಗುವುದೂ ಅಲ್ಲಿಯೇ. ನೀರು ಇಳಿದ ತಿಂಗಳುಗಳಲ್ಲಿ ರಾಜಹಂಸಗಳು ಈ ಹಿನ್ನೀರಿಗೆ ಬರುವುದು ಆ ಕೆಸರಿನ ಆಹಾರಕ್ಕಾಗಿ. ಕಟ್ಲಾ, ರೋಹು, ಮೃಗಾಲ್ ಮೀನುಗಳು ಮುಂಗಾರಿನ ಹರಿವ ನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರು ಅವಕ್ಕೆ ಸಾಲದು. ಅಣೆಕಟ್ಟು ಅವುಗಳ ದಾರಿಯನ್ನು ತಡೆದಿರುವುದರಿಂದ ಜಲಾಶಯಗಳಿಗೆ ಮರಿಗಳನ್ನು ತಂದು ಬಿಡಬೇಕಾಗುತ್ತದೆ. ಸಣ್ಣ ಕಣ್ಣಿನ ಬಲೆಯಲ್ಲಿ ಆ ಮರಿಗಳನ್ನೇ ಬಾಚಿದರೆ ಮರುವರ್ಷ ಹರಿಗೋಲು ಬರಿದಾಗಿ ದಡ ಸೇರುತ್ತದೆ. ಭೂಮಿಯಿಲ್ಲದ ಮೀನುಗಾರನಿಗೆ ಆ ನೀರೇ ಹೊಲ.

ಇದೇ ಅಂಚಿಗೆ ಎರಡು ದಿಕ್ಕುಗಳಿಂದ ಆಪತ್ತು ಬರುತ್ತದೆ. ಮೊದಲನೆಯದು ಹೊಲಗಳಿಂದ. ಎರೆಮಣ್ಣು ನೀರನ್ನು ಬೇಗ ಇಂಗಿಸದು. ಬಸಿಗಾಲುವೆಯಿಲ್ಲದೆ ಮಿತಿಮೀರಿ ನೀರು ಹಾಯಿಸಿದಲ್ಲಿ ಭೂಮಿ ಸವಳು-ಜವಳಾಗುತ್ತದೆ. ಬೆಳೆಗೆ ದಕ್ಕದ ಗೊಬ್ಬರ, ಕೀಟನಾಶಕ ಹಳ್ಳ ಹಿಡಿದು ನದಿಗಿಳಿಯುತ್ತದೆ. ಎರಡನೆಯದು ಬೆಟ್ಟದಿಂದ. ಕಾಡು ಕಡಿದ ಇಳಿಜಾರಿನ ಮೇಲ್ಮಣ್ಣು ಮಳೆಗೆ ಕೊಚ್ಚಿ ಬಂದು, ಹರಿವು ನಿಧಾನವಾಗುವ ಹಿನ್ನೀರಿನ ತಲೆಭಾಗದಲ್ಲಿ ಕುಳಿತುಕೊಳ್ಳುತ್ತದೆ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಆ ಸೀಮೆಯದು. ಡೋಣಿ ನದಿ ದಡದ ಮೇಲೆ ಹರಡಿದ ಮಣ್ಣು ಜೋಳವಾಗುತ್ತಿತ್ತು. ಅಣೆಕಟ್ಟಿನ ಹಿಂದೆ ಕುಳಿತ ಮಣ್ಣಾದರೋ ನೀರಿನ ಜಾಗವನ್ನು ಕಸಿಯುತ್ತದೆ.

ಕೃಷ್ಣಾ ಎರಡನೇ ನ್ಯಾಯಾಧಿಕರಣವು 2010ರಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿಸಿತು. ಮಟ್ಟ ಏರಿದರೆ ಅಂಚೂ ಸರಿಯುತ್ತದೆ. ಇಂದಿನ ಹೊಲ, ಮನೆಗಳು ನಾಳಿನ ಹಿನ್ನೀರಾಗುತ್ತವೆ. ಭೂಮಿ ಕಳೆದುಕೊಳ್ಳುವ ರೈತನ ಪರಿಹಾರದ ಲೆಕ್ಕವಾಗುವಾಗ, ಮೀನುಗಾರನ ಇಳಿದಾಣ, ಹಕ್ಕಿಗಳ ಕೆಸರುಗದ್ದೆ, ಊರ ದನಗಳು ನೀರು ಕುಡಿಯುವ ದಾರಿ ಯಾವ ಪಟ್ಟಿಯಲ್ಲಿ ಬರಬೇಕು ಎಂಬ ಪ್ರಶ್ನೆಯನ್ನೂ ಕೇಳಬೇಕಾಗಿದೆ.

ಬೆಟ್ಟದ ಊರುಗಳಿಗೂ ಇದರಲ್ಲಿ ಪಾಲಿದೆ. ಹಳ್ಳದ ಎರಡು ದಡಗಳಲ್ಲಿ ಮರಗಳನ್ನು ಉಳಿಸುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದುಗಳ ಮೇಲೆ ಹುಲ್ಲು ಬೆಳೆಸುವುದು ಯಾವ ಯೋಜನೆಗೂ ಕಾಯಬೇಕಾಗಿಲ್ಲದ ಕೆಲಸಗಳು. ವಿದ್ಯಾರ್ಥಿಗಳು ಮುಂಗಾರಿನ ಮೊದಲ ಪ್ರವಾಹದ ದಿನ ತಮ್ಮೂರ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಒಂದು ರಾತ್ರಿ ಇಡಲಿ. ಬೆಳಗಾಗುವಷ್ಟರಲ್ಲಿ ತಳದಲ್ಲಿ ಕುಳಿತ ಮಣ್ಣು, ಅವರ ಊರು ಕಳೆದುಕೊಂಡ ಹೊಲ. ಕೆಳಗಿನ ಊರು ಕಳೆದುಕೊಳ್ಳಲಿರುವ ನೀರು.